ಕಣ್ಣಿಗೆ ಕಾಣದ ಕಾಮಣಿ: ನಮ್ಮ ಊರುಗಳಲ್ಲಿ ಎಷ್ಟು ಮಂದಿಗೆ?

ನವಲಗುಂದ-ಅಣ್ಣಿಗೇರಿಯ ಯರೆಭೂಮಿಯಿರಲಿ, ಕುಂದಗೋಳದ ಮೆಣಸಿನಕಾಯಿ ಹೊಲಗಳಿರಲಿ, ಮಲೆನಾಡಿನ ಸೆರಗಿಗೆ ತಾಗಿಕೊಂಡ ಕಲಘಟಗಿಯ ಭತ್ತದ ಗದ್ದೆಗಳಿರಲಿ, ಧಾರವಾಡ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ 'ಕಾಮಣಿ' ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಹಳದಿಯಾಯಿತು, ಮೂತ್ರ ಕೆಂಪಗಾಯಿತು, ಅನ್ನ ಕಂಡರೆ ವಾಕರಿಕೆ ಬಂತು ಎಂದರೆ ಮನೆಯ ಹಿರಿಯರೇ ರೋಗದ ಹೆಸರು ಹೇಳಿಬಿಡುತ್ತಾರೆ. ಔಷಧ ಕೊಡುವವರು ಯಾವ ಊರಿನಲ್ಲಿದ್ದಾರೆ, ಯಾವ ವಾರ ಹೋಗಬೇಕು, ಎಷ್ಟು ದಿನ ಎಣ್ಣೆ-ಖಾರ ಬಿಡಬೇಕು ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ.

ಆದರೆ ಈ ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ರೋಗಗಳು ಅಡಗಿವೆ. ಯಕೃತ್ತಿಗೆ, ಅಂದರೆ ನಮ್ಮವರು ಲಿವರ್ ಎಂದು ಕರೆಯುವ ಅಂಗಕ್ಕೆ, ಬಾವು ಬಂದಾಗ ಕಾಣಿಸಿಕೊಳ್ಳುವ ಲಕ್ಷಣವೇ ಹಳದಿ. ಆ ಬಾವನ್ನು ಉಂಟುಮಾಡುವ ವೈರಾಣುಗಳಿಗೆ ವೈದ್ಯರು ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳ ಹೆಸರಿಟ್ಟಿದ್ದಾರೆ. ಎ ಮತ್ತು ಇ ಹೊಲಸು ನೀರಿನಿಂದ, ಕೆಟ್ಟ ಆಹಾರದಿಂದ ಬರುವಂಥವು. ಬೋರಿನ ನೀರು ಸವಳಾದ್ದರಿಂದ ಕೆರೆಯ ನೀರನ್ನೇ ನಂಬಿ ಬದುಕಿದ ನವಲಗುಂದ, ಅಣ್ಣಿಗೇರಿ ಭಾಗದ ಜನರಿಗೆ ಮಳೆಗಾಲದ ಕಾಮಣಿಯ ಪರಿಚಯ ಚೆನ್ನಾಗಿಯೇ ಇದೆ. ಅದು ಬರುತ್ತದೆ, ಕೆಲವು ವಾರ ಹಾಸಿಗೆ ಹಿಡಿಸುತ್ತದೆ, ಬಹುಪಾಲು ಜನರಲ್ಲಿ ತಾನಾಗಿಯೇ ಇಳಿದು ಹೋಗುತ್ತದೆ. ಗರ್ಭಿಣಿಯರಿಗೆ ಮಾತ್ರ ಇ ಎಂಬುದು ಪ್ರಾಣಾಂತಿಕವಾಗಬಲ್ಲದು, ಅದನ್ನು ಹಗುರವಾಗಿ ಕಾಣುವಂತಿಲ್ಲ.

ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಬಿ ಎಂಬ ವೈರಾಣುವಿನ ವಿಷಯ. ಇದು ನೀರಿನಲ್ಲಿ ಬರುವುದಿಲ್ಲ, ರಕ್ತದಲ್ಲಿ ಬರುತ್ತದೆ. ಇದು ಹೊಕ್ಕವರಲ್ಲಿ ಅನೇಕರಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಮೈಯಲ್ಲಿ ನೋವಿಲ್ಲ, ಹೊಲದ ಕೆಲಸಕ್ಕೆ ಅಡ್ಡಿಯಿಲ್ಲ. ಇಪ್ಪತ್ತು-ಮೂವತ್ತು ವರ್ಷ ಹೀಗೆಯೇ ಕಳೆದು, ಮಕ್ಕಳ ಮದುವೆಯ ಮಾತುಕತೆ ನಡೆಯುವ ವಯಸ್ಸಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹುಬ್ಬಳ್ಳಿಯ ದವಾಖಾನೆಯ ಬಾಗಿಲಿಗೆ ಬಂದಾಗ, ಯಕೃತ್ತು ಕಲ್ಲಿನಂತೆ ಗಡುಸಾಗಿದೆ ಎಂದೋ, ಅಲ್ಲಿ ಅರ್ಬುದ ಬೆಳೆದಿದೆ ಎಂದೋ ವೈದ್ಯರು ಹೇಳುತ್ತಾರೆ. "ಕುಡಿತ ಇಲ್ಲ, ಚಟ ಇಲ್ಲ, ಇಂಥಾ ಸಾತ್ವಿಕ ಮನಷ್ಯಾಗ ಲಿವರ್ ಹೆಂಗ ಕೆಟ್ಟಿತು?" ಎಂದು ಊರವರು ಬೆರಗಾಗುತ್ತಾರೆ. ಇಂಥ ಬೆರಗಿನ ಹಿಂದೆ ಎಷ್ಟೋ ಸಲ ಬಾಲ್ಯದಲ್ಲಿಯೇ ಮೈಹೊಕ್ಕ ಈ ವೈರಾಣು ಇರುತ್ತದೆ.

ಇದರ ಪತ್ತೆಯ ಕಥೆ ಸ್ವಾರಸ್ಯಕರವಾಗಿದೆ. ಅಮೆರಿಕದ ವೈದ್ಯ ವಿಜ್ಞಾನಿ ಬರೂಕ್ ಬ್ಲೂಂಬರ್ಗ್ ಎಂಬವರು ಕಾಮಣಿಯನ್ನು ಹುಡುಕಿ ಹೊರಟವರೇ ಅಲ್ಲ. ಬೇರೆ ಬೇರೆ ದೇಶಗಳ ಜನರ ರಕ್ತದಲ್ಲಿ ಇರುವ ವ್ಯತ್ಯಾಸಗಳನ್ನು ಅವರು ಅಭ್ಯಾಸ ಮಾಡುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಒಂದು ವಿಚಿತ್ರ ಪದಾರ್ಥವನ್ನು 1965ರಲ್ಲಿ ಪ್ರಕಟಿಸಿ, ಅದಕ್ಕೆ 'ಆಸ್ಟ್ರೇಲಿಯ ಆಂಟಿಜನ್' ಎಂದು ಹೆಸರಿಟ್ಟರು. ಅದು ಕಾಮಣಿ ವೈರಾಣುವಿನ ಹೊರಕವಚದ ತುಣುಕು ಎಂಬುದು ಆಮೇಲೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಹುಟ್ಟಿದ ದಿನವಾದ ಜುಲೈ 28ನ್ನೇ ಈಗ ಜಗತ್ತಿನಾದ್ಯಂತ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. ಇಂದು ನಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲಿ 'ಎಚ್‌ಬಿಎಸ್‌ಎಜಿ' ಎಂದು ಬರೆದಿರುವುದು ಅದೇ ತುಣುಕಿನ ಹೆಸರು.

ಲೆಕ್ಕ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನರ ಮೈಯಲ್ಲಿ ಬಿ ವೈರಾಣು ಶಾಶ್ವತವಾಗಿ ನೆಲೆಸಿತ್ತು. ಅದರಲ್ಲಿ ಭಾರತದ ಪಾಲು 2 ಕೋಟಿ 98 ಲಕ್ಷ. ಆ ಒಂದು ವರ್ಷದಲ್ಲಿ ಈ ವೈರಾಣುವಿನಿಂದ ಸತ್ತವರು ಲೋಕದಲ್ಲಿ ಸುಮಾರು 11 ಲಕ್ಷ. ಇನ್ನೊಂದು ಲೆಕ್ಕವೂ ಇದೆ. ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲದಲ್ಲಿ, ಅಂದರೆ 2015-16ರಲ್ಲಿ, ಸಂಗ್ರಹಿಸಿದ ರಕ್ತದ ಹನಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 0.95 ಮಂದಿಯಲ್ಲಿ, ಎಂದರೆ ಹೆಚ್ಚು ಕಡಿಮೆ ನೂರಕ್ಕೆ ಒಬ್ಬರಲ್ಲಿ, ಈ ವೈರಾಣು ಕಂಡುಬಂದಿತು. ಅದಕ್ಕೂ ಮೊದಲು ನಮ್ಮ ದೇಶದ ವೈದ್ಯಗ್ರಂಥಗಳು ನೂರಕ್ಕೆ ಎರಡರಿಂದ ನಾಲ್ಕು ಎಂದು ಬರೆಯುತ್ತಿದ್ದವು.

ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಇಷ್ಟು ಅಂತರವೇಕೆ ಎಂದು ಓದುಗರು ಕೇಳಬಹುದು. ರಕ್ತದಾನಿಗಳನ್ನು ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ, ಬಸುರಿಯರನ್ನು ಎಣಿಸಿದರೆ ಇನ್ನೊಂದು, ದವಾಖಾನೆಗೆ ಬಂದ ರೋಗಿಗಳನ್ನು ಎಣಿಸಿದರೆ ಮತ್ತೊಂದು. ಮನೆಮನೆಗೆ ಹೋಗಿ ಎಣಿಸಿದ್ದು ಒಂದು ರೀತಿ, ಹಲವು ಅಧ್ಯಯನಗಳನ್ನು ಕೂಡಿಸಿ ಗಣಿತದಿಂದ ಅಂದಾಜು ಮಾಡಿದ್ದು ಇನ್ನೊಂದು ರೀತಿ. ನಮಗೆ ತೋರುವಂತೆ ಈ ತಕರಾರಿನಲ್ಲಿ ಹಳ್ಳಿಯ ಸಂಸಾರಸ್ಥರು ತಲೆ ಕೆಡಿಸಿಕೊಳ್ಳಬೇಕಾದ ಕಾರಣವಿಲ್ಲ. ಎರಡು ಸಾವಿರ ಪ್ರಾಯಸ್ಥರಿರುವ ಒಂದು ಊರನ್ನು ಕಣ್ಮುಂದೆ ತಂದುಕೊಳ್ಳೋಣ. ಕಡಿಮೆ ಲೆಕ್ಕ ಹಿಡಿದರೆ ಆ ಊರಿನಲ್ಲಿ ಹತ್ತೊಂಬತ್ತು ಮಂದಿ, ಹೆಚ್ಚಿನ ಲೆಕ್ಕ ಹಿಡಿದರೆ ನಲವತ್ತಕ್ಕೂ ಮೇಲ್ಪಟ್ಟು ಮಂದಿ. ಜಾತ್ರೆಯ ದಿನ ದಾಸೋಹದ ಒಂದು ಪಂಕ್ತಿಯಲ್ಲಿ ಇನ್ನೂರು ಜನ ಕುಳಿತರೆ ಅದರಲ್ಲಿ ಇಬ್ಬರೋ ನಾಲ್ವರೋ. ಅವರಲ್ಲಿ ಬಹುತೇಕರಿಗೆ ತಮ್ಮ ರಕ್ತದಲ್ಲಿ ಇದು ಇದೆ ಎಂಬುದೇ ಗೊತ್ತಿಲ್ಲ. ಎರಡು ಲೆಕ್ಕಗಳಲ್ಲಿ ಯಾವುದು ಸರಿಯೆಂಬುದಕ್ಕಿಂತ ಈ ಗೊತ್ತಿಲ್ಲದಿರುವಿಕೆಯೇ ನಮ್ಮನ್ನು ಹೆಚ್ಚು ಕಾಡಬೇಕಾದದ್ದು.

ಹೊರದೇಶದ ಒಂದು ಸಂಗತಿಯನ್ನೂ ಇಲ್ಲಿ ಹೇಳಬಹುದು. ಅಮೆರಿಕದಂಥ ದೇಶದಲ್ಲಿ ಹಲವು ಮೂಲದ ಜನ ಒಟ್ಟಿಗೆ ಬಾಳುತ್ತಾರೆ. ಅಲ್ಲಿ ಏಷ್ಯಾದಿಂದ ಹೋಗಿ ನೆಲೆಸಿದವರಲ್ಲಿ ಈ ವೈರಾಣು ಹೆಚ್ಚು, ಮೆಕ್ಸಿಕೊ ಮೊದಲಾದ ಸ್ಪ್ಯಾನಿಷ್ ಭಾಷೆಯ ನಾಡುಗಳಿಂದ ಹೋದವರಲ್ಲಿ ಬಹಳ ಕಡಿಮೆ. ಇದು ರಕ್ತದ ಗುಣವಲ್ಲ, ಕುಲದ ದೋಷವೂ ಅಲ್ಲ. ಯಾವ ನಾಡಿನಲ್ಲಿ ಹುಟ್ಟಿದರು, ಹುಟ್ಟಿದ ಗಳಿಗೆಯಲ್ಲಿ ಮತ್ತು ಎಳವೆಯಲ್ಲಿ ಯಾರ ಯಾರ ರಕ್ತದ ಸೋಂಕು ತಗುಲಿತು ಎಂಬುದಷ್ಟೇ ನಿರ್ಣಾಯಕ. 2023ರಲ್ಲಿ ಅಲ್ಲಿನ ಸರಕಾರದ ಆರೋಗ್ಯ ಇಲಾಖೆಯು ಹದಿನೆಂಟು ತುಂಬಿದ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಂದು ಸಲವಾದರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸಲಹೆ ಮಾಡಿತು. ನಮ್ಮ ಮನೆಗಳಿಂದ ಅಲ್ಲಿಗೆ ಹೋದ ಮಕ್ಕಳಿಗೂ ಆ ಸಲಹೆ ಅನ್ವಯಿಸುತ್ತದೆ. ಅಂಥವರಲ್ಲಿ ಒಬ್ಬರ ರಕ್ತದಲ್ಲಿ ಇದು ಕಂಡುಬಂದರೆ ಇಲ್ಲಿರುವ ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರೂ ಪರೀಕ್ಷೆ ಮಾಡಿಸಬೇಕೆಂದು ಅರ್ಥ.

ವಯಸ್ಸಿನ ಮಾತು ಇಲ್ಲಿ ಬಲು ಮುಖ್ಯ. ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗುಲಿದ ನೂರು ಕೂಸುಗಳಲ್ಲಿ ತೊಂಬತ್ತರ ಮೈಯಲ್ಲಿ ವೈರಾಣು ಜೀವಮಾನವಿಡೀ ಉಳಿದುಬಿಡುತ್ತದೆ. ಅದೇ ಸೋಂಕು ಬೆಳೆದ ಆರೋಗ್ಯವಂತನಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ಕೆಲವು ತಿಂಗಳಲ್ಲಿ ಹೊರಹಾಕಿಬಿಡುತ್ತಾರೆ. ಹಳದಿ ಕಾಣಿಸಿಕೊಂಡು ಮಲಗುವವರೂ ಹೆಚ್ಚಾಗಿ ಇವರೇ. ಎಳೆಯ ದೇಹ ಜಗಳವಾಡುವುದಿಲ್ಲ, ಆದ್ದರಿಂದ ಲಕ್ಷಣವೂ ಇಲ್ಲ, ಬಿಡುಗಡೆಯೂ ಇಲ್ಲ. ಹೀಗೆ ಬಾಲ್ಯದಿಂದ ಹೊತ್ತುಕೊಂಡು ಬಂದವರಲ್ಲಿ ಚಿಕಿತ್ಸೆಯಿಲ್ಲದೆ ಬಿಟ್ಟರೆ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಮಂದಿ ಯಕೃತ್ತಿನ ಗಡಸುತನದಿಂದಲೋ ಅರ್ಬುದದಿಂದಲೋ ತೀರಿಕೊಳ್ಳುತ್ತಾರೆ.

ಸೂಜಿ, ಕತ್ತಿ, ಹಚ್ಚೆ

ನಮ್ಮ ಭಾಗದಲ್ಲಿ ದವಾಖಾನೆಗೆ ಹೋಗುವುದೆಂದರೆ ಸೂಜಿ ಮಾಡಿಸಿಕೊಳ್ಳುವುದು. "ಸೂಜಿ ಮಾಡಲಿಲ್ಲಂದ್ರ ಅದೆಂಥಾ ಡಾಕ್ಟರು?" ಎನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ನೆಗಡಿಗೂ ಸೂಜಿ, ಮೈಕೈ ನೋವಿಗೂ ಸೂಜಿ, ಸುಗ್ಗಿಯಲ್ಲಿ ದಣಿವಾದರೆ 'ತಾಕತ್ತಿನ' ಸೂಜಿ. ಐವತ್ತು ದಾಟಿದ ಓದುಗರಿಗೆ ನೆನಪಿರಬಹುದು: ಗಾಜಿನ ಸಿರಿಂಜನ್ನು ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಕುದಿ ಕುದಿಸಿ, ಒಂದೇ ಸೂಜಿಯಿಂದ ಸಾಲಾಗಿ ನಿಂತವರಿಗೆಲ್ಲ ಚುಚ್ಚುತ್ತಿದ್ದ ಕಾಲವದು. ಅಂದು ಅದನ್ನು ಮಾಡಿದವರಲ್ಲಿ ಅನೇಕರು ಸೇವಾಭಾವದಿಂದಲೇ ಮಾಡಿದರು, ಮಧ್ಯರಾತ್ರಿಯಲ್ಲಿ ಕರೆದರೂ ಬಂದರು. ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಒಂದು ವಾರದವರೆಗೂ ಜೀವ ಹಿಡಿದಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು ಎಂಬುದು ಆಗ ಯಾರ ಮನಸ್ಸಿಗೂ ಬಂದಿರಲಿಲ್ಲ.

ಅದೆಲ್ಲ ಹಳೆಯ ಮಾತು ಎಂದು ಬಿಡುವಂತಿಲ್ಲ. 2009ರ ಆರಂಭದ ತಿಂಗಳುಗಳಲ್ಲಿ ಗುಜರಾತದ ಮೋಡಾಸಾ ಎಂಬ ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಬಿ ಕಾಮಣಿ ಒಮ್ಮೆಲೇ ಎದ್ದಿತು. ನಾಲ್ಕು ನೂರಕ್ಕೂ ಹೆಚ್ಚು ಮಂದಿ ಬಿದ್ದರು, ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಳಸಿದ ಸಿರಿಂಜು-ಸೂಜಿಗಳನ್ನು ಮತ್ತೆ ಬಳಸಿದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಅದೂ ನಮ್ಮ ತಾಲೂಕು ಸ್ಥಳಗಳಂಥದೇ ಒಂದು ಊರು. ಆದ್ದರಿಂದ ಸೂಜಿ ಬೇಕೇ ಬೇಕೆಂದು ವೈದ್ಯರು ಹೇಳಿದಾಗ ಹೊಸ ಸಿರಿಂಜಿನ ಪೊಟ್ಟಣವನ್ನು ತಮ್ಮ ಕಣ್ಣೆದುರಿಗೆ ಒಡೆಯಲು ಕೇಳುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ. ಗುಳಿಗೆಯಿಂದ ವಾಸಿಯಾಗುವುದಿದ್ದರೆ ಗುಳಿಗೆಯನ್ನೇ ಕೇಳಬಹುದು.

ಕ್ಷೌರದ ಕತ್ತಿಯೂ ಇದೇ ಮಾತಿಗೆ ಸೇರುತ್ತದೆ. ನಮ್ಮ ಸಮಾಜದಲ್ಲಿಯೇ ಹಡಪದ ಬಂಧುಗಳು ತಲೆತಲಾಂತರದಿಂದ ಈ ಕಾಯಕವನ್ನು ನಡೆಸಿಕೊಂಡು ಬಂದಿದ್ದಾರೆ, ಅವರಲ್ಲಿ ಇಂದು ಬಹುತೇಕರು ಪ್ರತಿ ಗಿರಾಕಿಗೆ ಹೊಸ ಬ್ಲೇಡು ಹಾಕುತ್ತಾರೆ. ಕಾಯಕ ಮಾಡುವವರ ಕೈಗೇ ಕತ್ತಿ ತಾಗುವ ಸಂಭವ ಹೆಚ್ಚಾದ್ದರಿಂದ ಮೊದಲು ಲಸಿಕೆ ಹಾಕಿಸಿಕೊಳ್ಳಬೇಕಾದವರು ಅವರು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವುದು ನಮ್ಮ ಹಿರಿಯ ಹೆಣ್ಣುಮಕ್ಕಳ ಕಾಲದಲ್ಲಿ ಸೌಭಾಗ್ಯದ ಕುರುಹಾಗಿತ್ತು. ಈಗ ಅದೇ ಹಚ್ಚೆ 'ಟ್ಯಾಟೂ' ಎಂಬ ಹೆಸರಿನಲ್ಲಿ ತರುಣರ ತೋಳಿನ ಮೇಲೆ ಮರಳಿ ಬಂದಿದೆ, ಜಾತ್ರೆಯ ಬಯಲಿನಲ್ಲಿ ಒಂದೇ ಸೂಜಿ, ಒಂದೇ ಬಟ್ಟಲಿನ ಬಣ್ಣ. ಒಂದೇ ಹಲ್ಲುಜ್ಜುವ ಬ್ರಶ್ಶು, ಒಂದೇ ರೇಜರು ಮನೆಯಲ್ಲಿ ಹಲವರು ಬಳಸುವುದೂ ತರವಲ್ಲ. ಗಂಡ-ಹೆಂಡಿರ ಸಂಬಂಧದಿಂದಲೂ ಇದು ಹರಡುತ್ತದೆ ಎಂಬುದನ್ನು ಕುಟುಂಬದ ಪತ್ರಿಕೆಯಾದರೂ ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ತಾಯಿಯಿಂದ ಕೂಸಿಗೆ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಿಂದೆ ಮನೆಯಲ್ಲಿಯೇ ಸೂಲಗಿತ್ತಿಯ ಕೈಯಲ್ಲಿ ಹೆರಿಗೆಯಾಗುತ್ತಿತ್ತು. ಈಗ ದವಾಖಾನೆಯಲ್ಲಿ ಆಗುತ್ತದೆ, ಅದರಿಂದ ಒಂದು ದೊಡ್ಡ ಉಪಕಾರವಾಗಿದೆ. ಏಕೆಂದರೆ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಕೂಸು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳ ಲಸಿಕೆಯ ಜೊತೆಗೇ ಇದೂ ಸೇರಿರುತ್ತದೆ. ಆ ಮೊದಲ ದಿನದ್ದು ತಪ್ಪಿದರೆ, ತಾಯಿಯ ರಕ್ತದಲ್ಲಿ ವೈರಾಣು ಇದ್ದ ಪಕ್ಷದಲ್ಲಿ, ಆಮೇಲಿನವು ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ. ಬಸುರಿಯ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಮಾಡಿಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡಿದ್ದರೆ, ತವರಿನ ಊರಿನ ದವಾಖಾನೆಯವರಿಗೂ ಅದು ತಿಳಿಯುತ್ತದೆ. ಗಂಡನ ಮನೆಯಲ್ಲಿ ಪರೀಕ್ಷೆ, ತವರಿನಲ್ಲಿ ಹೆರಿಗೆ, ನಡುವೆ ಕಾಗದ ಮನೆಯ ಟ್ರಂಕಿನಲ್ಲಿ ಉಳಿದುಹೋಗುವುದು ನಮ್ಮ ಕಡೆಯ ದೊಡ್ಡ ತೊಡಕು. ತಾಯಿಗೆ ಸೋಂಕಿದೆ ಎಂದು ಮೊದಲೇ ಗೊತ್ತಿದ್ದರೆ ಕೂಸಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡುತ್ತಾರೆ. ವೈರಾಣುವಿನ ಪ್ರಮಾಣ ಹೆಚ್ಚಿದ್ದರೆ ತಾಯಿಗೆ ಕೊನೆಯ ಮೂರು ತಿಂಗಳು ಗುಳಿಗೆ ಕೊಡುತ್ತಾರೆ. ಇಷ್ಟು ಮಾಡಿದ ಮೇಲೆ ಎದೆಹಾಲು ಕುಡಿಸಲು ಯಾವ ಅಡ್ಡಿಯೂ ಇಲ್ಲ. ಹಾಲು ಬಿಡಿಸಿ ಡಬ್ಬಿಯ ಹಾಲಿಗೆ ಹಚ್ಚುವುದೇ ತಪ್ಪು.

ಲಸಿಕೆಯ ಇತಿಹಾಸವನ್ನು ನೋಡಿದರೆ ನಮ್ಮಲ್ಲಿ ಯಾರು ಹೊರಗುಳಿದಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲು ಪರದೇಶದಿಂದ ಬರುತ್ತಿದ್ದ ಈ ಲಸಿಕೆ ಒಂದಕ್ಕೆ ನೂರಾರು ರೂಪಾಯಿ ಬೆಲೆಯುಳ್ಳದ್ದಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ಸ್ವದೇಶಿ ಲಸಿಕೆಯನ್ನು ಹೊರತಂದ ಮೇಲೆ ಬೆಲೆ ಬಹಳಷ್ಟು ಇಳಿಯಿತು. ಆಗಲೇ ಶಾಲೆಗಳಲ್ಲಿ, ಸಂಘಗಳಲ್ಲಿ ಲಸಿಕಾ ಶಿಬಿರಗಳು ನಡೆದವು. ಮೊದಲ ಚುಚ್ಚುಮದ್ದಿಗೆ ಬಂದಷ್ಟು ಜನ ಮೂರನೆಯದಕ್ಕೆ ಬರಲಿಲ್ಲ. ಸರಕಾರದ ಕಾರ್ಯಕ್ರಮ ಕರ್ನಾಟಕವನ್ನು ಒಳಗೊಂಡಂತೆ ಹತ್ತು ರಾಜ್ಯಗಳಿಗೆ ವಿಸ್ತರಿಸಿದ್ದು 2007-08ರಲ್ಲಿ, ಇಡೀ ದೇಶಕ್ಕೆ 2011ರಲ್ಲಿ. ಎಂದಮೇಲೆ ಅದಕ್ಕಿಂತ ಮೊದಲು ಹುಟ್ಟಿದವರು, ಅಂದರೆ ಇಂದು ನೇಗಿಲು ಹಿಡಿಯುವವರು, ಟ್ರ್ಯಾಕ್ಟರ್ ನಡೆಸುವವರು, ಮಕ್ಕಳನ್ನು ಹೆರುವವರು, ಬಹುಪಾಲು ಈ ರಕ್ಷಣೆಯಿಲ್ಲದೆ ಬೆಳೆದವರು. ಲಸಿಕೆಯಿಂದ ಏನಾಗಬಲ್ಲದು ಎಂಬುದಕ್ಕೆ ತೈವಾನ್ ದೇಶವೇ ಸಾಕ್ಷಿ. ಅಲ್ಲಿ 1984ರಲ್ಲಿ ಕೂಸುಗಳಿಗೆ ಲಸಿಕೆ ಆರಂಭಿಸಿದಾಗ ರಾಜಧಾನಿಯ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ಸೋಂಕಿತ್ತು. ಹದಿನೈದು ವರ್ಷಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಮಕ್ಕಳ ಯಕೃತ್ತಿನ ಅರ್ಬುದವೂ ಇಳಿಯಿತು.

ನಾಟಿ ಔಷಧದ ಮಾತು ಎತ್ತದಿದ್ದರೆ ಓದುಗರು ನಮ್ಮನ್ನು ಬಿಡಲಾರರು. ಕಾಮಣಿಗೆ ನೆಲನೆಲ್ಲಿಯ ರಸ ಕೊಡುವುದು ನಮ್ಮಲ್ಲಿ ಪುರಾತನವಾದ ರೂಢಿ. ಈ ಗಿಡವನ್ನು ವಿಜ್ಞಾನಿಗಳು ಕಡೆಗಣಿಸಿದರೆಂದು ಹೇಳುವಂತಿಲ್ಲ. ಮದರಾಸಿನ ಸಂಶೋಧಕರು ಮೇಲೆ ಹೇಳಿದ ಬ್ಲೂಂಬರ್ಗ್ ಅವರೊಡನೆ ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ನೆಲನೆಲ್ಲಿಯ ಪುಡಿ ಸೇವಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಿಂದ ವೈರಾಣುವಿನ ಕುರುಹು ಮಾಯವಾಯಿತೆಂದು ವರದಿ ಮಾಡಿದರು. ಜಗತ್ತೆಲ್ಲ ಕಿವಿ ನಿಮಿರಿಸಿತು. ಆದರೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ದೊರೆಯಲಿಲ್ಲ. ಇನ್ನು ಹಳ್ಳಿಯಲ್ಲಿ ಔಷಧ ಕುಡಿದವರಿಗೆ ಹಳದಿ ಇಳಿಯುವುದು ಸುಳ್ಳಲ್ಲ. ಅದು ನೀರಿನ ಕಾಮಣಿಯಾದರೆ ಔಷಧವಿಲ್ಲದೆಯೂ ಇಳಿಯುತ್ತಿತ್ತು. ಬಿ ಆದರೆ, ಹಳದಿ ಇಳಿದರೂ ವೈರಾಣು ಒಳಗೆ ಉಳಿದಿರಬಹುದು. ಆದ್ದರಿಂದ ಯಾವ ಔಷಧ ಕುಡಿದವರೂ ಆರು ತಿಂಗಳ ನಂತರ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. ಮುಂಗೈಗೆ ಬರೆ ಹಾಕುವುದನ್ನು ಮಾತ್ರ ನಾವು ಯಾವ ದೃಷ್ಟಿಯಿಂದಲೂ ಒಪ್ಪಲಾರೆವು. ಎಳೆಗೂಸಿಗೆ ಬರೆ ಹಾಕಿ ಗಾಯ ಕೊಳೆಯಿಸುವುದು ವೈದ್ಯವೆನಿಸದು.

ಪರೀಕ್ಷೆಯ ಚೀಟಿ ಬಂದ ಮೇಲೆ

ನಮ್ಮವರಲ್ಲಿ ಅನೇಕರಿಗೆ ಈ ಸೋಂಕು ತಿಳಿದುಬರುವುದು ಅನಿರೀಕ್ಷಿತವಾಗಿ. ಬಸವ ಜಯಂತಿಯ ದಿನ ಮಠದ ಆವರಣದಲ್ಲಿ ರಕ್ತದಾನ ಮಾಡಿದ ತರುಣನಿಗೆ ರಕ್ತನಿಧಿಯಿಂದ ಕರೆ ಬರುತ್ತದೆ. ಕೊಲ್ಲಿ ದೇಶಗಳಿಗೆ ನೌಕರಿಗೆ ಹೊರಟವನಿಗೆ ವೈದ್ಯಕೀಯ ಪರೀಕ್ಷೆಯಲ್ಲಿ 'ಅನರ್ಹ' ಎಂಬ ಮುದ್ರೆ ಬೀಳುತ್ತದೆ. ಹರನಿಯಾ ಶಸ್ತ್ರಕ್ರಿಯೆಗೆ ಹೋದವನಿಗೆ ತಿಳಿಯುತ್ತದೆ. ತಿಳಿದ ದಿನದಿಂದ ಮನೆಯಲ್ಲಿ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಸೊಸೆಯಾದರೆ ಅಡಿಗೆಮನೆಗೆ ಪ್ರವೇಶವಿಲ್ಲ, ತವರಿಗೆ ಕಳುಹಿಸಿದವರೂ ಉಂಟು. ನಿಶ್ಚಯವಾದ ಸಂಬಂಧಗಳು ಮುರಿದಿವೆ. ಸೋಂಕು ಗಂಡನಿಂದ ಬಂದದ್ದೋ ಹುಟ್ಟಿನಿಂದ ಬಂದದ್ದೋ ಎಂದು ಯಾರೂ ಕೇಳುವುದಿಲ್ಲ, ಅಪವಾದ ಮಾತ್ರ ಹೆಣ್ಣಿನ ತಲೆಗೆ.

ಒಂದೇ ಪಾತ್ರೆಯಲ್ಲಿ ಉಣ್ಣುವುದರಿಂದ, ಕೈ ಹಿಡಿಯುವುದರಿಂದ, ಕೂಸನ್ನು ಎತ್ತಿಕೊಳ್ಳುವುದರಿಂದ, ಕೆಮ್ಮಿದರೆ, ಅಡಿಗೆ ಮಾಡಿದರೆ ಬಿ ವೈರಾಣು ಹರಡುವುದಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಅವರನ್ನು ಬೇರೆ ಕೂಡಿಸಬೇಕಾದ ಕಾರಣ ಒಂದೂ ಇಲ್ಲ. ಮದುವೆಗೂ ಅಡ್ಡಿಯಿಲ್ಲ. ಬಾಳಸಂಗಾತಿಯಾಗುವವರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮೂರು ಲಸಿಕೆ ಪೂರ್ತಿ ಹಾಕಿಸಿಕೊಂಡರೆ ಅವರಿಗೆ ಸೋಂಕು ತಗುಲುವ ಭಯ ದೂರವಾಗುತ್ತದೆ. ನಮ್ಮ ವಧು-ವರ ಅಂಕಣದಲ್ಲಿ ಒಳಪಂಗಡ, ನಕ್ಷತ್ರ, ಎತ್ತರ, ಹೊಲದ ಎಕರೆ ಎಲ್ಲವೂ ಅಚ್ಚಾಗುತ್ತವೆ. ಇದನ್ನು ಅಚ್ಚು ಮಾಡಿರೆಂದು ನಾವು ಹೇಳುತ್ತಿಲ್ಲ. ಎರಡು ಮನೆಯವರು ಕುಳಿತು ಸಮಾಧಾನದಿಂದ ಮಾತನಾಡಬಹುದಾದ ವಿಷಯಗಳಲ್ಲಿ ಇದೂ ಒಂದಾಗಲಿ ಎಂಬುದಷ್ಟೇ ನಮ್ಮ ವಿಜ್ಞಾಪನೆ.

ಚೀಟಿಯಲ್ಲಿ 'ಪಾಸಿಟಿವ್' ಎಂದು ಬಂದ ಕೂಡಲೇ ಯಕೃತ್ತು ಕೆಟ್ಟಿತೆಂದು ಅರ್ಥವಲ್ಲ. ಆರು ತಿಂಗಳ ನಂತರ ಪುನಃ ಪರೀಕ್ಷಿಸಬೇಕು, ಆಗಲೂ ಹಾಗೆಯೇ ಇದ್ದರೆ ದೀರ್ಘಕಾಲದ ಸೋಂಕು ಎನ್ನುತ್ತಾರೆ. ಯಕೃತ್ತಿನ ಕಾರ್ಯ, ರಕ್ತದಲ್ಲಿ ವೈರಾಣುವಿನ ಪ್ರಮಾಣ, ಹೊಟ್ಟೆಯ ಸ್ಕ್ಯಾನ್ ಇವುಗಳನ್ನು ನೋಡಿ ಗುಳಿಗೆ ಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಅನೇಕರಿಗೆ ಗುಳಿಗೆ ಬೇಡ, ಆರಾರು ತಿಂಗಳಿಗೊಮ್ಮೆ ತಪಾಸಣೆ ಬೇಕು. ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಎಂಬ ಗುಳಿಗೆ, ದಿನಕ್ಕೆ ಒಂದು. ಅದು ವೈರಾಣುವನ್ನು ಪೂರ್ತಿ ಓಡಿಸಲಾರದು, ಹತ್ತಿಕ್ಕಿ ಇಡುತ್ತದೆ. ಆದ್ದರಿಂದ ಮೈ ಹಗುರಾಯಿತೆಂದು ತಾವಾಗಿಯೇ ನಿಲ್ಲಿಸಿದರೆ ಒಮ್ಮೆಲೇ ತಿರುಗಿ ಬಿದ್ದು ಜೀವಕ್ಕೆ ಅಪಾಯ ತರಬಹುದು. ಸಾರಾಯಿಯನ್ನು ಮಾತ್ರ ಈ ಸೋಂಕುಳ್ಳವರು ಮುಟ್ಟಲೇಬಾರದು.

ಹಣದ ಚಿಂತೆಯಿಂದ ಹಿಂಜರಿಯುವವರಿಗೆ ಒಂದು ಮಾತು. ಕೇಂದ್ರ ಸರಕಾರವು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದೆ. ಅದರಡಿ ಬಿ ಮತ್ತು ಸಿ ಎರಡರ ಪರೀಕ್ಷೆಯೂ ಗುಳಿಗೆಗಳೂ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ತಮ್ಮ ತಾಲೂಕಿನ ಸರಕಾರಿ ದವಾಖಾನೆಯಲ್ಲಿಯೋ, ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿಯೋ, ಹುಬ್ಬಳ್ಳಿಯ ಕಿಮ್ಸ್‌ನಲ್ಲಿಯೋ ಕೇಳಿದರೆ ದಾರಿ ಹೇಳುತ್ತಾರೆ, ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದ ಪ್ರಾಯಸ್ಥರು ಲಸಿಕೆ ಹಾಕಿಸಿಕೊಳ್ಳುವುದಿದ್ದರೆ ಅದರ ಕ್ರಮ ಹೀಗೆ: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಮೊದಲನೆಯದರಿಂದ ಆರು ತಿಂಗಳಿಗೆ. ಯುಗಾದಿಯ ಹೊತ್ತಿಗೆ ಮೊದಲನೆಯದನ್ನು ಹಾಕಿಸಿಕೊಂಡವರಿಗೆ ಮೂರನೆಯದು ದಸರೆಯ ಹೊತ್ತಿಗೆ ಬರುತ್ತದೆ. ತೋಳಿಗೆ ಹಾಕಿಸಿಕೊಂಡ ತಾರೀಖುಗಳನ್ನು ಮನೆಯ ಪಂಚಾಂಗದ ಮೇಲೆಯೇ ಬರೆದಿಟ್ಟರೆ ಮರೆಯುವುದಿಲ್ಲ.